ಲವಣಜಲ ಮತ್ಸ್ಯಾಗಾರದ ಪಕ್ವೀಕರಣ

ಹೊಸದಾಗಿ ಸಿದ್ಧಪಡಿಸಿದ ಕಡಲನೀರಿನ ಗಾಜಿನ ತೊಟ್ಟಿಗೆ ಮೀನನ್ನು ಬಿಡುವ ಮುನ್ನ, ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸಬಲ್ಲ ಸೂಕ್ಷ್ಮಜೀವಿಗಳನ್ನು ಕಲ್ಲು, ಮರಳು, ಶೋಧಕಗಳ ಮೈಮೇಲೆ ಬೆಳೆಸಿ ನೆಲೆಗೊಳಿಸುವ ಕ್ರಮವೇ ಪಕ್ವೀಕರಣ. ಹವ್ಯಾಸಿಗಳು ಇದನ್ನು ಸೈಕ್ಲಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು, ಅದರಲ್ಲಿಯೂ ಶೆಟ್ಟಿಕೆರೆಯಂಥ ಊರನ್ನು ಗಮನದಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ. ಏತಕ್ಕೆಂದರೆ ಕಡಲು ಇಲ್ಲಿಂದ ಘಟ್ಟಗಳಾಚೆ, ರಸ್ತೆಯ ದಾರಿಯಲ್ಲಿ ಇನ್ನೂರು ಕಿಲೊಮೀಟರಿಗೂ ದೂರದಲ್ಲಿದ್ದು, ಕರಾವಳಿಯವನಿಗೆ ಕೊಡದಲ್ಲಿ ಮೊಗೆದು ತರುವಷ್ಟು ಸುಲಭವಾದ ಜೀವಂತ ಕಡಲನೀರು ಇಲ್ಲಿಯವನಿಗೆ ದೊರೆಯದಾದ್ದರಿಂದ, ಎಲ್ಲವನ್ನೂ ಬರಿಯ ಉಪ್ಪು ಮತ್ತು ಒಣಕಲ್ಲುಗಳಿಂದಲೇ ಆರಂಭಿಸಬೇಕಾಗುತ್ತದೆ.

ರಾಸಾಯನಿಕ ಸ್ವರೂಪ

ಮೀನು ತಿಂದ ಪ್ರೋಟೀನಿನಲ್ಲಿರುವ ಸಾರಜನಕದ ಬಹುಭಾಗವು ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರನ್ನು ಸೇರುತ್ತದೆ. ನೀರಿನಲ್ಲಿ ಅದಕ್ಕೆ ಎರಡು ರೂಪಗಳುಂಟು: ವಿದ್ಯುದಂಶವುಳ್ಳ ಅಮೋನಿಯಂ ಅಯಾನು ಒಂದು, ವಿದ್ಯುದಂಶವಿಲ್ಲದ ಅಮೋನಿಯಾ ಇನ್ನೊಂದು; ವಿಷಕಾರಿಯಾದದ್ದು ಮುಖ್ಯವಾಗಿ ಎರಡನೆಯದು. ಪಿಎಚ್ 7ರ ಸಿಹಿನೀರಿನಲ್ಲಿ ಈ ಎರಡನೆಯದರ ಪಾಲು ಶೇಕಡ 1ಕ್ಕಿಂತಲೂ ಕಡಿಮೆ, ಪಿಎಚ್ 8.2ರ ಕಡಲನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅದು ಶೇಕಡ 5ನ್ನು ಮೀರುತ್ತದೆ. ಸಿಹಿನೀರಿನ ಚಿನ್ನದ ಮೀನನ್ನು ವರ್ಷಾನುಗಟ್ಟಲೆ ಸಾಕಿದವನೂ ಕಡಲಮೀನಿನ ವಿಷಯದಲ್ಲಿ ಸೋಲುವುದಕ್ಕೆ ಇದೊಂದು ಮುಖ್ಯ ಕಾರಣ. ನೈಟ್ರೈಟಿನ ವಿಚಾರ ಇದಕ್ಕೆ ವಿಪರೀತವಾದದ್ದು: ಕಡಲನೀರಿನ ಹೇರಳ ಕ್ಲೋರೈಡು ಅದನ್ನು ಕಿವಿರಿನೊಳಕ್ಕೆ ಹೋಗದಂತೆ ಬಹುಮಟ್ಟಿಗೆ ತಡೆಯುವುದರಿಂದ, ಸಿಹಿನೀರಿನಲ್ಲಿ ಅದು ಮಾಡುವಷ್ಟು ಹಾನಿಯನ್ನು ಇಲ್ಲಿ ಮಾಡಲಾರದು.

ತೆಂಗಿನ ಪಾತಿಗೆ ಹಾಕಿದ ಕೊಟ್ಟಿಗೆ ಗೊಬ್ಬರ ಕೊಳೆತು ಬೇರಿಗೆ ಒದಗುವ ನೈಟ್ರೇಟಾಗುವುದೂ ಇದೇ ಪರಿವರ್ತನೆಯಿಂದಲೇ. ಈ ಶಾಸ್ತ್ರವು ಹುಟ್ಟಿದ್ದು ಮೀನಿನ ತೊಟ್ಟಿಯಲ್ಲಲ್ಲ, ಚರಂಡಿಯ ನೀರಿನಲ್ಲಿ ಮತ್ತು ಹೊಲದ ಮಣ್ಣಿನಲ್ಲಿ.

ಇತಿಹಾಸ

1877ರಲ್ಲಿ ಫ್ರಾನ್ಸಿನ ಶ್ಲೊಜಿಂಗ್ ಮತ್ತು ಮುಂಟ್ಸ್ ಎಂಬ ರಸಾಯನಶಾಸ್ತ್ರಜ್ಞರು ಮರಳು ಮತ್ತು ಸುಣ್ಣಕಲ್ಲಿನ ಪುಡಿಯನ್ನು ತುಂಬಿದ ಉದ್ದನೆಯ ಗಾಜಿನ ಕೊಳವೆಯೊಂದರೊಳಗೆ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಇಪ್ಪತ್ತು ದಿನಗಳವರೆಗೆ ಅಮೋನಿಯಾ ಹೇಗಿತ್ತೋ ಹಾಗೆಯೇ ಹೊರಬಿದ್ದಿತು. ತರುವಾಯ ನೈಟ್ರೇಟು ಕಾಣಿಸಿಕೊಂಡು ಹೆಚ್ಚುತ್ತ ಹೋಗಿ, ಕೊನೆಗೆ ಅಮೋನಿಯಾ ಮಾಯವಾಯಿತು. ಕ್ಲೋರೋಫಾರಮ್ಮಿನ ಆವಿಯನ್ನು ಹಾಯಿಸಿದೊಡನೆ ಆ ಕ್ರಿಯೆ ನಿಂತುಹೋಯಿತು. ಮಣ್ಣನ್ನು ಕದಡಿದ ನೀರನ್ನು ಎರೆದಾಗ ಮರುಕಳಿಸಿತು. ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕಾರ್ಯವೆಂಬುದು ಹೀಗೆ ಸಿದ್ಧಪಟ್ಟಿತು. ಇಂದು ಹೊಸ ತೊಟ್ಟಿಯ ಮುಂದೆ ಕುಳಿತು ಕಾಯುವವನು ಕಾಣುವುದು ಆ ಇಪ್ಪತ್ತು ದಿನಗಳ ಮೌನವನ್ನೇ.

ಈ ಚರಿತ್ರೆಯಲ್ಲಿ ತಂದೆಮಕ್ಕಳಿಬ್ಬರು ಬರುತ್ತಾರೆ; ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್. ತಂದೆ (1807–1867) ಲಂಡನ್ನಿನ ಔಷಧಕಾರರ ಭವನದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದು, 1849ರಲ್ಲಿ ಚಿನ್ನದ ಮೀನು, ಜಲಸಸ್ಯ, ಬಸವನಹುಳುಗಳನ್ನು ಒಂದೇ ಗಾಜಿನ ಪಾತ್ರೆಯಲ್ಲಿರಿಸಿ, ನೀರನ್ನು ಬದಲಿಸದೆಯೇ ಅವು ಬಾಳಬಲ್ಲವೆಂದು ತೋರಿಸಿದನು. ಮುಂದೆ ಕಡಲನೀರಿನ ತೊಟ್ಟಿಗಳನ್ನೂ ಕೃತಕ ಕಡಲನೀರನ್ನೂ ಪರೀಕ್ಷಿಸಿದನು. ಸಸ್ಯವು ಆಮ್ಲಜನಕವನ್ನು ಕೊಡುತ್ತದೆ, ಹುಳು ಕೊಳೆಯನ್ನು ತಿನ್ನುತ್ತದೆ ಎಂಬಷ್ಟರಿಂದಲೇ ಆ ಸಮತೋಲವನ್ನು ಅವನು ವಿವರಿಸಿದನು. ಮಗ (1838–1907) ರಾಥಮ್‌ಸ್ಟೆಡ್ಡಿನ ಕೃಷಿಸಂಶೋಧನಾ ಕ್ಷೇತ್ರದಲ್ಲಿ ಫ್ರೆಂಚರ ಪ್ರಯೋಗವನ್ನು ಮಣ್ಣಿನಲ್ಲಿ ಮುಂದುವರಿಸಿ, ಅಮೋನಿಯಾ ನೈಟ್ರೇಟಾಗುವ ಈ ನೈಟ್ರೀಕರಣವು ಎರಡು ಹಂತಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ನಡೆಯುವುದೆಂಬುದನ್ನು ತೋರಿಸಿದನು. ಆ ಜೀವಿಗಳನ್ನು ಬೇರ್ಪಡಿಸಿದ ಕೀರ್ತಿ 1890ರ ಸುಮಾರಿಗೆ ಜ್ಯೂರಿಕ್ಕಿನಲ್ಲಿ ದುಡಿದ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಲ್ಲುತ್ತದೆ. ತಂದೆಯ ಪಾತ್ರೆಯಲ್ಲಿ ಕಣ್ಣಿಗೆ ಕಾಣದೆ ನಡೆಯುತ್ತಿದ್ದ ಕಾರ್ಯದ ವಿವರಣೆ ಮಗನ ಹೊಲದಲ್ಲಿ ದೊರೆಯಿತಾದರೂ, ಇವೆರಡನ್ನೂ ಜೋಡಿಸಿ ಮೀನು ಸಾಕುವವರ ಕೈಗೆ ವ್ಯವಸ್ಥಿತವಾದ ಕ್ರಮವೊಂದು ಬಂದದ್ದು ಇಪ್ಪತ್ತನೆಯ ಶತಮಾನವು ಬಹುದೂರ ಸಾಗಿದ ಮೇಲೆಯೇ.

ತರುವಾಯದ ಶೋಧನೆಗಳು ಈ ಚಿತ್ರವನ್ನು ತಿದ್ದಿವೆ. ನೈಟ್ರೈಟನ್ನು ಉತ್ಕರ್ಷಿಸುವ ಕೆಲಸ ತೊಟ್ಟಿಗಳಲ್ಲಿ ಹೆಚ್ಚಾಗಿ, ಹಿಂದೆ ಭಾವಿಸಿದ್ದಂತೆ ನೈಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ್ದಲ್ಲ, ನೈಟ್ರೋಸ್ಪೈರ ಎಂಬುದರದ್ದೆಂದು 1990ರ ದಶಕದಲ್ಲಿ ತಿಳಿದುಬಂದಿತು. 2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಮತ್ಸ್ಯಾಗಾರದ ಕಡಲತೊಟ್ಟಿಯ ಹರಳುಗಳಿಂದ, ಬ್ಯಾಕ್ಟೀರಿಯವಲ್ಲದ ಆರ್ಕಿಯ ವರ್ಗದ ಅಮೋನಿಯಾಭಕ್ಷಕವೊಂದು ಬೇರ್ಪಟ್ಟಿತು. ಆದಕಾರಣ ಸೀಸೆಗಳಲ್ಲಿ ಮಾರುವ ‘ಬ್ಯಾಕ್ಟೀರಿಯಾ ದ್ರಾವಣ’ಗಳೆಲ್ಲವೂ ಸಮಾನ ಫಲವನ್ನೀಯುವುವೆಂದು ಭಾವಿಸಲಾಗದು.

ಒಳನಾಡಿನ ನೀರು, ಉಪ್ಪು, ಕಲ್ಲು

ತುಮಕೂರು ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರು ಗಡಸು; ಫ್ಲೋರೈಡು, ನೈಟ್ರೇಟುಗಳೂ ಹಲವೆಡೆ ಮಿತಿಮೀರಿವೆ. ನೈಟ್ರೇಟು ಮೊದಲೇ ಬೆರೆತ ನೀರಿನಲ್ಲಿ ಪಕ್ವೀಕರಣದ ಕಡೆಯ ಫಲವನ್ನು ಅಳೆಯುವುದೇ ಕಷ್ಟ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ದೊರೆಯುವ ನೀರು ಇದಕ್ಕಿಂತ ಉತ್ತಮ. ಆದರೆ ಅದನ್ನೂ ಪರೀಕ್ಷಿಸಿಯೇ ಬಳಸತಕ್ಕದ್ದು. ಅಡುಗೆಯ ಉಪ್ಪು ಸಲ್ಲದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟುಗಳನ್ನೊಳಗೊಂಡ ಕಡಲುಪ್ಪಿನ ಮಿಶ್ರಣವೇ ಬೇಕು. 100 ಲೀಟರಿಗೆ ಸುಮಾರು ಮೂರೂವರೆ ಕಿಲೊಗ್ರಾಮಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು.

ಕಡಲಿನಿಂದ ಕಿತ್ತ ಜೀವಂತ ಹವಳಗಲ್ಲನ್ನು ತೊಟ್ಟಿಗಿಟ್ಟರೆ ಪಕ್ವೀಕರಣ ಬೇಗ ಮುಗಿಯುವುದೇನೋ ನಿಜ. ಆದರೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ (1972) ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ಸೇರಿವೆ. ಭಟ್ಕಳದ ಸಮೀಪದ ನೇತ್ರಾಣಿಯಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಅವನ್ನು ಕೀಳುವುದು ಅಪರಾಧ. ಕಾಯಿದೆಯಿಲ್ಲದಿದ್ದರೂ ಅದು ತಕ್ಕ ಕೆಲಸವಲ್ಲ. ಒಣಗಿದ ಸರಂಧ್ರ ಕಲ್ಲು ಸಾಕು. ಎರಡು ವಾರ ಹೆಚ್ಚು ಕಾದರಾಯಿತು.

ವಿಧಾನ

ತೊಟ್ಟಿಯನ್ನು ತುಂಬಿ, ನೀರು 25–27 ಡಿಗ್ರಿಯಲ್ಲಿ ಚಲಿಸುತ್ತಿರುವಂತೆ ಮಾಡಿದ ಮೇಲೆ, ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಒದಗುವಂತೆ ಶುದ್ಧ ಅಮೋನಿಯಂ ಕ್ಲೋರೈಡನ್ನು ಕರಗಿಸಬೇಕು. 100 ಲೀಟರಿಗೆ ಇದು ಸುಮಾರು 0.6 ಗ್ರಾಂ. ಕಲಾಯಿಗೆ ಬಳಸುವ ನವಸಾಗರವೂ ಮೂಲತಃ ಇದೇ ಲವಣವಾದರೂ, ಅಂಗಡಿಯ ಹರಳಿನಲ್ಲಿ ಲೋಹದ ಕಲ್ಮಷವಿರಬಹುದಾದ್ದರಿಂದ ಅದನ್ನು ಬಳಸಕೂಡದು. ಗಟ್ಟಿಯಾದ ಒಂದೆರಡು ಮೀನುಗಳನ್ನೇ ಬಿಟ್ಟು ಅವುಗಳ ಅಮೋನಿಯಾದಿಂದ ತೊಟ್ಟಿಯನ್ನು ಪಕ್ವಗೊಳಿಸುವ ಹಳೆಯ ಪದ್ಧತಿ ಇನ್ನೂ ಕೆಲವೆಡೆ ಉಂಟು. ಸುಟ್ಟ ಕಿವಿರುಗಳೊಡನೆ ಉಸಿರಿಗಾಗಿ ನೀರಿನ ಮೇಲ್ಮೈಗೆ ಬರುವ ಮೀನನ್ನು ಕಂಡವರು ಅದನ್ನು ಸಮರ್ಥಿಸಲಾರರು.

ಪರೀಕ್ಷಾನಳಿಕೆಯ ನೀರು ಮೊದಲ ವಾರಗಳಲ್ಲಿ ಅಮೋನಿಯಾ ದ್ರಾವಕಕ್ಕೆ ಗಾಢ ಹಸುರಾಗಿ, ಕ್ರಮೇಣ ಹಳದಿಗೆ ಇಳಿಯುತ್ತದೆ. ಅದೇ ವೇಳೆಗೆ ನೈಟ್ರೈಟಿನ ನಳಿಕೆ ನೇರಿಳೆಯ ಬಣ್ಣಕ್ಕೆ ಏರಿ, ಕೆಲವೊಮ್ಮೆ ವಾರಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ನೈಟ್ರೈಟು ಇರುವಾಗ ನೈಟ್ರೇಟಿನ ಪರೀಕ್ಷೆ ಸುಳ್ಳು ಹೇಳುವುದುಂಟು. ಮರಳಿನ ಮೇಲೆ ಕಂದುಬಣ್ಣದ ಡಯಾಟಮುಗಳ ಲೇಪವೂ ಈ ಅವಧಿಯಲ್ಲಿಯೇ ಮೂಡುವುದು, ಅದಕ್ಕೆ ಗಾಬರಿಯಾಗಬೇಕಾಗಿಲ್ಲ. ಹಾಕಿದ 2 ಮಿಲಿಗ್ರಾಂ ಅಮೋನಿಯಾ ಒಂದು ಹಗಲಿರುಳಿನೊಳಗೆ ಪೂರ್ಣವಾಗಿ ನೈಟ್ರೇಟಾದರೆ ತೊಟ್ಟಿಯು ಪಕ್ವವಾಯಿತೆಂದು ತಿಳಿಯಬಹುದು.

ಒಂದು ಗ್ರಾಂ ಅಮೋನಿಯಾ-ಸಾರಜನಕವು ನೈಟ್ರೇಟಾಗಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ವಿದ್ಯುತ್ತು ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪು ಆದಕಾರಣ ಅತ್ಯವಶ್ಯ. ತೆಂಗಿನ ಕರಟದಿಂದ ತಯಾರಾಗುವ ಸಕ್ರಿಯ ಇದ್ದಿಲು ನೀರಿನ ಬಣ್ಣವನ್ನೂ ವಾಸನೆಯನ್ನೂ ತೆಗೆಯಬಲ್ಲದು, ಅಮೋನಿಯಾವನ್ನು ತೆಗೆಯಲಾರದು.

ಕಡೆಯಲ್ಲಿ ನೀರಿನ ಅರ್ಧಭಾಗವನ್ನಾದರೂ ಬದಲಿಸಿ ನೈಟ್ರೇಟನ್ನು ತಗ್ಗಿಸಿದ ಮೇಲೆ, ಒಂದೆರಡು ಸಣ್ಣ ಮೀನುಗಳನ್ನು ಮಾತ್ರ ಬಿಡತಕ್ಕದ್ದು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳ ಸಂತಾನೋತ್ಪತ್ತಿಯ ಕ್ರಮವನ್ನು ರೂಢಿಗೆ ತಂದಿರುವುದರಿಂದ, ಕಡಲಿನಿಂದ ಹಿಡಿದವುಗಳಿಗಿಂತ ಸಾಕಿ ಬೆಳೆಸಿದ ಅಂಥವು ಲೇಸು. ಹೊರತೆಗೆದ ಉಪ್ಪುನೀರಿನಲ್ಲಿ ನೈಟ್ರೇಟಿದೆಯೆಂದು ಅದನ್ನು ತೋಟಕ್ಕೆ ಗೊಬ್ಬರವಾಗಿ ಹಾಯಿಸಬಾರದು: ತೆಂಗು ಉಪ್ಪನ್ನು ಬಹುಮಟ್ಟಿಗೆ ಸಹಿಸುವ ಮರವಾದರೂ, ಅದರ ನಡುವೆ ಬೆಳೆದಿರುವ ಅಡಕೆ, ಬಾಳೆಗಳು ಸಹಿಸಲಾರವು.