ಅಮೆರಿಕದ ಜೈಲುಗಳಲ್ಲಿ ಟೆಲಿಮೆಡಿಸಿನ್

ಅಮೆರಿಕದ ಜೈಲುಗಳಿಗೆ ಟೆಲಿಮೆಡಿಸಿನ್ ಬಂದುದರ ಹಿಂದೆ ತಂತ್ರಜ್ಞಾನದಷ್ಟೇ ನ್ಯಾಯಾಲಯದ ಪಾತ್ರವೂ ಇದೆ. ಟೆಕ್ಸಸ್‌ನಲ್ಲಿ ಲಾರಿಯಿಂದ ಹತ್ತಿ ಇಳಿಸುವಾಗ ಗ್ಯಾಂಬಲ್ ಎಂಬ ಕೈದಿಯ ಮೈಮೇಲೆ ಮೂಟೆ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಸರಿಯಾದ ಚಿಕಿತ್ಸೆ ಸಿಗಲಿಲ್ಲವೆಂದು ಅವನು ಮೊಕದ್ದಮೆ ಹೂಡಿದ. ವೈದ್ಯರ ಮೇಲಿನ ಅವನ ದೂರನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಕೈದಿಯ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಕಡೆಗಣಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಯೇ ಎಂದು 1976ರ ಆ ತೀರ್ಪು ಸಾರಿತು.

ಹೊಣೆ ಬಂದರೂ ವೈದ್ಯರು ಬರಲಿಲ್ಲ. ಅನೇಕ ಜೈಲುಗಳು ಪಟ್ಟಣಗಳಿಂದ ಬಹು ದೂರದಲ್ಲಿದ್ದವು. ತಜ್ಞರಿಗೆ ತೋರಿಸಬೇಕಾದರೆ ಕೈದಿಗೆ ಕೋಳ ತೊಡಿಸಿ, ಕಾವಲಿನವರೊಂದಿಗೆ ವ್ಯಾನಿನಲ್ಲಿ ಕರೆದೊಯ್ಯಬೇಕಿತ್ತು. ಖರ್ಚಿನ ಜೊತೆಗೆ ಕೈದಿ ತಪ್ಪಿಸಿಕೊಳ್ಳುವ ಭಯವೂ ಇತ್ತು. ಮಯಾಮಿಯ ಜ್ಯಾಕ್ಸನ್ ಮೆಮೋರಿಯಲ್ ಆಸ್ಪತ್ರೆ 1970ರ ದಶಕದಲ್ಲೇ ಡೇಡ್ ಕೌಂಟಿಯ ಜೈಲಿನೊಂದಿಗೆ ಟಿ.ವಿ. ಸಂಪರ್ಕ ಏರ್ಪಡಿಸಿ ನೋಡಿತ್ತು. ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ನೆಲೆಯೂರಿದ್ದು ಟೆಕ್ಸಸ್‌ನಲ್ಲಿ. ಅಲ್ಲಿ ಕೈದಿಗಳ ಚಿಕಿತ್ಸೆಯ ಹೊಣೆ ಹೊತ್ತ ವಿಶ್ವವಿದ್ಯಾಲಯಗಳ ಪೈಕಿ ಗ್ಯಾಲ್ವೆಸ್ಟನ್ ದ್ವೀಪದ ವೈದ್ಯಕೀಯ ವಿಶ್ವವಿದ್ಯಾಲಯವು 1990ರ ದಶಕದ ಮಧ್ಯಭಾಗದಿಂದ ನೂರಾರು ಕಿಲೋಮೀಟರ್ ದೂರದ ಜೈಲುಗಳ ರೋಗಿಗಳನ್ನು ಪರದೆಯ ಮೇಲೆ ನೋಡತೊಡಗಿತು.

ಇದರ ಕ್ರಮ ಸರಳ. ಜೈಲಿನ ಕೋಣೆಯಲ್ಲಿ ಕೈದಿಯ ಪಕ್ಕ ನರ್ಸ್ ಇರುತ್ತಾರೆ. ಅವರು ಎದೆಯ ಮೇಲಿಟ್ಟ ಎಲೆಕ್ಟ್ರಾನಿಕ್ ಸ್ಟೆತಸ್ಕೋಪಿನ ಸದ್ದು ಆಚೆ ಬದಿಯ ವೈದ್ಯರ ಕಿವಿಗೆ ಬೀಳುತ್ತದೆ. ಚರ್ಮದ ಗಾಯವನ್ನು ಕ್ಯಾಮೆರಾ ದೊಡ್ಡದಾಗಿ ತೋರಿಸುತ್ತದೆ. ಮುಟ್ಟಿ ನೋಡುವ ಕೆಲಸವೊಂದು ಮಾತ್ರ ನರ್ಸಿನದು.

2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಭಾರತೀಯ ಮೂಲದ ವೈದ್ಯ ಸಂಜೀವ್ ಅರೋರಾ ಇನ್ನೊಂದು ದಾರಿ ಹಿಡಿದರು. ಅವರ ‘ಪ್ರಾಜೆಕ್ಟ್ ಎಕೋ’ದಲ್ಲಿ ತಜ್ಞರು ವಿಡಿಯೋ ಮೂಲಕ ರೋಗಿಯನ್ನು ನೋಡುವ ಬದಲು ಹಳ್ಳಿಗಳ ಮತ್ತು ಜೈಲುಗಳ ವೈದ್ಯರನ್ನೇ ತರಬೇತುಗೊಳಿಸಿದರು. 407 ಹೆಪಟೈಟಿಸ್ ಸಿ ರೋಗಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವೈರಸ್ ತೊಲಗಿದವರ ಪ್ರಮಾಣ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಶೇ. 57.5, ಎಕೋ ಕೇಂದ್ರಗಳಲ್ಲಿ ಶೇ. 58.2.

ವ್ಯಸನದ ಚಿಕಿತ್ಸೆ ಮಾತ್ರ ಹಿಂದುಳಿಯಿತು. ಹೆರಾಯಿನ್‌ನಂಥ ಅಫೀಮು ವರ್ಗದ ಮಾದಕಗಳ ಚಟಕ್ಕೆ ಮೆಥಡೋನ್ 1960ರ ದಶಕದಿಂದಲೇ ಬಳಕೆಯಲ್ಲಿತ್ತು. ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ 1987ರಲ್ಲಿ ಮೆಥಡೋನ್ ಕಾರ್ಯಕ್ರಮ ಶುರುವಾಯಿತು. ಉಳಿದ ಕಡೆ ಬಹುತೇಕ ಕೈದಿಗಳು ಔಷಧಿಯಿಲ್ಲದೆ ನಡುಕ, ವಾಂತಿ, ಮೈನೋವು ಸಹಿಸಿಕೊಂಡು ಚಟ ಬಿಡಬೇಕಿತ್ತು. ಹೀಗೆ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಹೊರಬಂದು ಮೊದಲಿನಷ್ಟೇ ಸೇವಿಸಿದರೆ ಉಸಿರೇ ನಿಲ್ಲಬಹುದು. ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಕುರಿತ 2007ರ ಅಧ್ಯಯನದ ಪ್ರಕಾರ, ಮೊದಲ ಎರಡು ವಾರಗಳಲ್ಲಿ ಮಿತಿಮೀರಿದ ಮಾದಕ ಸೇವನೆಯಿಂದ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚು.

ಈ ಚಟದ ಚಿಕಿತ್ಸೆಗೆ 2002ರಲ್ಲಿ ಒಪ್ಪಿಗೆ ಪಡೆದ ಬುಪ್ರೆನಾರ್ಫಿನ್ ದೂರದಿಂದ ಬರೆದುಕೊಡಲು ತಕ್ಕ ಔಷಧಿ. ಅದನ್ನು ನಾಲಿಗೆಯಡಿ ಇಟ್ಟುಕೊಂಡು ಕರಗಿಸಬೇಕು. ಕೈದಿ ಅದನ್ನು ಬಚ್ಚಿಟ್ಟು ಮಾರದಂತೆ ಪೂರ್ತಿ ಕರಗುವವರೆಗೂ ಸಿಬ್ಬಂದಿ ಎದುರಿಗಿದ್ದು, ಆಮೇಲೆ ಬಾಯಿ ತೆರೆಸಿ ನೋಡುತ್ತಾರೆ. ಆದರೆ ದೂರದಿಂದ ಬರೆದುಕೊಡುವುದಕ್ಕೆ ಕಾನೂನು ಅಡ್ಡಬಂತು. ಇಂಟರ್ನೆಟ್ಟಿನಲ್ಲಿ ಕೊಂಡ ನೋವುನಿವಾರಕದಿಂದ 18 ವರ್ಷದ ರಯಾನ್ ಹೈಟ್ ಸತ್ತ ಬಳಿಕ, ಅವನ ಹೆಸರಿನಲ್ಲೇ 2008ರಲ್ಲಿ ಬಂದ ಕಾಯ್ದೆ ಇಂಥ ಔಷಧಿ ಬರೆಯುವ ಮುನ್ನ ವೈದ್ಯರು ರೋಗಿಯನ್ನು ಒಮ್ಮೆಯಾದರೂ ಖುದ್ದಾಗಿ ಪರೀಕ್ಷಿಸಬೇಕೆಂದಿತು. ವಿನಾಯಿತಿಗಳು ಕೆಲವೇ ಇದ್ದವು.

ಆ ಗಂಟು ಸಡಿಲಿಸಿದ್ದು ಕೋವಿಡ್. 2020ರ ಮಾರ್ಚಿನಲ್ಲಿ ಖುದ್ದು ಪರೀಕ್ಷೆಯ ಷರತ್ತನ್ನು ಸರ್ಕಾರ ತಡೆಹಿಡಿಯಿತು. ಬುಪ್ರೆನಾರ್ಫಿನ್ ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಪರವಾನಗಿಯನ್ನು 2022ರ ಡಿಸೆಂಬರಿನ ಕಾನೂನು ರದ್ದು ಮಾಡಿತು. ವ್ಯಸನ ತಜ್ಞರೇ ಇಲ್ಲದ ಸಣ್ಣ ಕೌಂಟಿಗಳ ಜೈಲುಗಳೂ ದೂರದ ವೈದ್ಯರಿಂದ ಚಿಕಿತ್ಸೆ ಆರಂಭಿಸುವುದು ಇದರಿಂದ ಸುಲಭವಾಯಿತು.

ಉಳಿದ ತೊಡಕು ಹಣದ್ದು. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್, 1965ರಲ್ಲಿ ಹುಟ್ಟಿದಂದಿನಿಂದ ಜೈಲಿನೊಳಗಿರುವವರ ಖರ್ಚನ್ನು ಬಹುಮಟ್ಟಿಗೆ ಭರಿಸುತ್ತಿರಲಿಲ್ಲ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮೊದಲ ಸಡಿಲಿಕೆ ಸಿಕ್ಕಿತು. ಬಿಡುಗಡೆಗೆ ಮುಂಚಿನ 90 ದಿನಗಳವರೆಗಿನ ಆಯ್ದ ಸೇವೆಗಳಿಗೆ, ವ್ಯಸನದ ಔಷಧಿಯೂ ಸೇರಿದಂತೆ, ಈಗ ಆ ಹಣ ಬಳಸಬಹುದು.