ಬಾಲದಲ್ಲಿ ಬುದ್ಧಿಯಿರುವ ಟಾರ್ಚು

ಮೊನ್ನೆ ರಾತ್ರಿ ಕರೆಂಟು ಹೋದಾಗ ಎಂದಿನಂತೆ ದಿಂಬಿನ ಪಕ್ಕದ ಟಾರ್ಚನ್ನು ಒತ್ತಿದೆ. ಬಲ್ಬು ಮೊದಲು ಕೆಂಪಗೆ ಕಣ್ಣು ಬಿಟ್ಟು, ಆಮೇಲೆ ಹಳದಿಗೆ ತಿರುಗಿ ನಿಂತಿತು. "ಇದೇನು ತಾತ, ನಿಮ್ಮ ಟಾರ್ಚೂ ನಿಮ್ಮಷ್ಟೇ ನಿಧಾನ!" ಎಂದ ಮೊಮ್ಮಗ. ಎಲ್‌ಇಡಿ ಕಾಲದ ಹುಡುಗ. ಅವನಿಗೆ ಒತ್ತಿದೊಡನೆ ಹಗಲಾಗಬೇಕು. ಅವನಿಗೆ ಹೇಳಿದ ಕಥೆಯನ್ನೇ ವಾಚಕರಿಗೂ ಹೇಳುತ್ತೇನೆ.

ಕೊಳವೆಯಾಕಾರದ ಕೈದೀಪಕ್ಕೆ ಡೇವಿಡ್ ಮಿಸೆಲ್ ಎಂಬಾತ ಅಮೆರಿಕದಲ್ಲಿ ಪೇಟೆಂಟು ಪಡೆದದ್ದು 1899ರ ಜನವರಿ 10ರಂದು. ಕಾಗದದ ಕೊಳವೆ, ಒಳಗೆ ಸಾಲಾಗಿ ಒಣ ಸೆಲ್ಲುಗಳು, ತುದಿಯಲ್ಲೊಂದು ಬಲ್ಬು. ಕಾನ್ರಾಡ್ ಹ್ಯೂಬರ್ಟನ ಕಂಪನಿ ಅದನ್ನು ತಯಾರಿಸಿ ನ್ಯೂಯಾರ್ಕಿನ ಪೊಲೀಸರ ಕೈಗೂ ಕೊಟ್ಟಿತು. ಆದರೆ ಆ ಸೆಲ್ಲುಗಳಿಗೆ ಎಡೆಬಿಡದೆ ದುಡಿಯುವ ತ್ರಾಣವಿರಲಿಲ್ಲ. ಇಂಗಾಲದ ತಂತುವಿನ ಬಲ್ಬಿಗೋ ಹಸಿವು ಹೆಚ್ಚು. ತುಸು ಬೆಳಗಿಸಿ, ನಿಲ್ಲಿಸಿ, ಸೆಲ್ಲು ಸುಧಾರಿಸಿಕೊಂಡ ಮೇಲೆ ಮತ್ತೆ ಬೆಳಗಿಸಬೇಕು. ಅಮೆರಿಕದವರ ಬಾಯಲ್ಲಿ ಅದು 'ಫ್ಲ್ಯಾಶ್‌ಲೈಟ್', ಎಂದರೆ ಮಿಂಚುದೀಪ, ಆದದ್ದು ಈ ದೌರ್ಬಲ್ಯದಿಂದಲೇ.

1910ರಲ್ಲಿ ವಿಲಿಯಂ ಕೂಲಿಜ್ ಟಂಗ್‌ಸ್ಟನ್ನನ್ನು ಎಳೆಯಾಗಿ ಎಳೆಯುವ ವಿದ್ಯೆಯನ್ನು ಸಾಧಿಸಿದ. ಬಲ್ಬು ಮಿತವ್ಯಯಿಯಾಯಿತು, ಗಟ್ಟಿಯೂ ಆಯಿತು. ಆದರೆ ಅದಕ್ಕೊಂದು ದೋಷವಿತ್ತು. ತಣ್ಣಗಿರುವ ಟಂಗ್‌ಸ್ಟನ್ ತಂತುವಿನ ಪ್ರತಿರೋಧ, ಕಾದಾಗಿನದರ ಸುಮಾರು ಹತ್ತನೆಯ ಒಂದು ಪಾಲು. ಸ್ವಿಚ್ಚು ಒತ್ತಿದ ಗಳಿಗೆಯಲ್ಲಿ ವಿದ್ಯುತ್ ಕಟ್ಟೆಯೊಡೆದಂತೆ ನುಗ್ಗುತ್ತದೆ. ಸವೆದ ಬಲ್ಬು ಸಾಯುವುದು ಸಾಮಾನ್ಯವಾಗಿ ಆಗಲೇ.

ಇದನ್ನು ನಾನು ಹುಡುಗನಾಗಿದ್ದಾಗಲೇ ಕಂಡಿದ್ದೆ. ಹಸು ಈಯುವ ರಾತ್ರಿ ತಂದೆಯವರು ಕೊಟ್ಟಿಗೆಯ ಬಾಗಿಲಲ್ಲಿ ಬ್ಯಾಟರಿ ಒತ್ತಿದರು. ಫಳಕ್ಕನೆ ಮಿಂಚಿ ಕತ್ತಲಾಯಿತು. ಸ್ವಿಚ್ಚಿಗಿದ್ದ ಅವಸ್ಥೆಗಳು ಎರಡೇ: ಎಲ್ಲ ಅಥವಾ ಏನೂ ಇಲ್ಲ. ಅಮ್ಮ ಲಾಂದ್ರ ತರುವ ಹೊತ್ತಿಗೆ ಕರು ನೆಲಕ್ಕೆ ಬಿದ್ದಾಗಿತ್ತು.

ನನ್ನ ಈಗಿನ ಟಾರ್ಚಿನ ಹಿಂಬದಿಯ ಮುಚ್ಚಳದಲ್ಲೇ ಗುಂಡಿಯಿದೆ, ಅದರೊಳಗೆ ಪುಟ್ಟ ಸರ್ಕಿಟ್ಟೂ ಇದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಸಲ ಕತ್ತರಿಸಿ, ಚೂರುಚೂರಾಗಿ ಬಲ್ಬಿಗೆ ಉಣಿಸುತ್ತದೆ. ಮೊದಲು ಗುಟುಕು, ಆಮೇಲೆ ತುತ್ತು. ತಂತು ಕಾದ ಮೇಲೆ ಮಂದ, ಮಧ್ಯಮ, ಪೂರ್ಣ ಎಂಬ ಮೂರು ಬೆಳಕು. ಹನ್ನೆರಡು ವರ್ಷ ಬಳಸಿದ್ದೇನೆ. ಸುಟ್ಟದ್ದು ಒಂದೇ ಬಲ್ಬು.

ಇದರಿಂದ ಸೆಲ್ಲು ಬಹಳ ಉಳಿಯುತ್ತದೆಂದು ನಾನೂ ನಂಬಿದ್ದೆ. ಅದು ಅಷ್ಟು ನಿಜವಲ್ಲ. ಬೆಳಕನ್ನು ಅರ್ಧಕ್ಕೆ ಇಳಿಸಿದರೂ ವಿದ್ಯುತ್ ಖರ್ಚು ನೂರಕ್ಕೆ ಎಪ್ಪತ್ತರಷ್ಟು ಉಳಿದೇ ಇರುತ್ತದೆ. ನಿಜವಾಗಿ ಉಳಿಯುವುದು ಬಲ್ಬು. ವೋಲ್ಟೇಜನ್ನು ನೂರಕ್ಕೆ ಐದರಷ್ಟು ತಗ್ಗಿಸಿದರೂ ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

"ಹಾಗಾದರೆ ಎಲ್‌ಇಡಿ ಕೊಳ್ಳಬಾರದೇ ತಾತ?" ಎಂದ ಹುಡುಗ. ಲೆಕ್ಕದಲ್ಲಿ ಅವನದೇ ಗೆಲುವು. ನನ್ನ ಬಳಿ ಹತ್ತಿಯಲ್ಲಿ ಸುತ್ತಿಟ್ಟ ಇನ್ನೊಂದೇ ಬಲ್ಬು ಇದೆ. ಅಂಥದು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಆದರೂ ನಡುರಾತ್ರಿ ಎದ್ದಾಗ ಮಂದ ಬೆಳಕು ಗೋಡೆಯ ಮೇಲೆ ಮೆಲ್ಲನೆ ಹರಡುವುದನ್ನು ನೋಡಿದರೆ, ಅಂದು ತಂದೆಯವರ ಕೈಯಲ್ಲಿ ಇದೊಂದು ಮುಚ್ಚಳ ಇರಬೇಕಿತ್ತು ಎನಿಸುತ್ತದೆ.