ಹೆಪ್ಪುಗಟ್ಟಿದ ದಿನಗಳ ಕೂಲಿ

2021ರ ಜನವರಿ 24ರ ಭಾನುವಾರ ಇಂಗ್ಲೆಂಡಿನ ಬಹುಭಾಗದಲ್ಲಿ ಹಿಮ ಬಿತ್ತು. ಫೆಬ್ರವರಿಯ ಮೊದಲ ವಾರ ಮುಗಿಯುವಷ್ಟರಲ್ಲಿ ಡಾರ್ಸಿ ಎಂಬ ಬಿರುಗಾಳಿ ಪೂರ್ವದ ಸೀಮೆಗಳ ಮೇಲೆ ಇನ್ನಷ್ಟು ಹಿಮ ಸುರಿಯಿತು. 11ರಂದು ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಉಷ್ಣಾಂಶ ಮೈನಸ್ 23 ಡಿಗ್ರಿಗೆ ಇಳಿಯಿತು. 1995ರಿಂದೀಚೆಗೆ ಬ್ರಿಟನ್ ಅಂಥ ಚಳಿ ಕಂಡಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಕೋವಿಡ್‌ನ ಮೂರನೆಯ ಲಾಕ್‌ಡೌನ್ ನಡೆದಿತ್ತು. ಬಹುಪಾಲು ಮಕ್ಕಳಿಗೆ ಶಾಲೆಯಿಲ್ಲ, ಮನೆಯಿಂದಾಚೆ ಹೋಗಲು ವ್ಯಾಯಾಮದಂಥ ಕೆಲವೇ ಕಾರಣಗಳಿಗೆ ಅನುಮತಿ. ಆ ಬಿಗಿಯ ನಡುವೆಯೂ ಹಳ್ಳಿಯ ಇಳಿಜಾರುಗಳಲ್ಲಿ ಮಕ್ಕಳು ಜಾರುಬಂಡಿ ಎಳೆದರು. ಕೇಂಬ್ರಿಜ್‌ಶೈರಿನ ತಗ್ಗು ಹೊಲಗಳಲ್ಲಿ ನಿಂತ ನೀರು ಗಡ್ಡೆಕಟ್ಟಿದೊಡನೆ ಜನ ಸ್ಕೇಟ್ ಕಟ್ಟಿಕೊಂಡು ಇಳಿದರು. ಸಾವಿನ ಸುದ್ದಿಯ ನಡುವೆ ಅನಿರೀಕ್ಷಿತವಾಗಿ ಸಿಕ್ಕ ಈ ಸಂತೋಷವನ್ನು ಅನೇಕರು ಹೊಸದೆಂದು ಬಗೆದರು. ಆದರೆ ಅದೇ ತಗ್ಗು ನಾಡಿನ ಚರಿತ್ರೆ ನೋಡಿದರೆ ಅದು ಬಹಳ ಹಳೆಯದು. ಇಂಗ್ಲೆಂಡಿನ ಗ್ರಾಮೀಣ ಜನ ಹಿಮದ ಮೇಲೆ ಕುಣಿದದ್ದು ಹೆಚ್ಚಾಗಿ ಕೆಲಸ ಬಲವಂತವಾಗಿ ನಿಂತ ದಿನಗಳಲ್ಲಿ. ಆ ಕುಣಿತ ನಿಜವಾದ ಸುಖವಾಗುತ್ತಿತ್ತೇ ಎಂಬುದು ಆ ದಿನದ ಅನ್ನಕ್ಕೆ ಯಾರು ಹೊಣೆ ಎಂಬುದರ ಮೇಲೆ ನಿಂತಿತ್ತು.

ಕೇಂಬ್ರಿಜ್‌ಶೈರ್, ನಾರ್ಫೋಕ್, ಲಿಂಕನ್‌ಶೈರ್‌ಗಳಲ್ಲಿ ಹರಡಿರುವ ಈ ಜೌಗು ಸೀಮೆಗೆ ಫೆನ್ಸ್ ಎಂದು ಹೆಸರು. 17ನೆಯ ಶತಮಾನದಲ್ಲಿ ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್ ಇಲ್ಲಿ ಉದ್ದನೆಯ ಕಾಲುವೆಗಳನ್ನು ತೋಡಿಸಿ ಜೌಗನ್ನು ಉಳುವ ನೆಲವಾಗಿಸಿದ. ಹಳೆ ಮತ್ತು ಹೊಸ ಬೆಡ್‌ಫರ್ಡ್ ನದಿಗಳೆಂದು ಕರೆಯುವ ಎರಡು ಕಾಲುವೆಗಳ ನಡುವಿನ ಪಟ್ಟಿಯನ್ನು ಚಳಿಗಾಲದ ನೆರೆಗೆಂದೇ ಬಿಡಲಾಯಿತು. ಅಲ್ಲಿ ನಿಲ್ಲುವ ನೀರು ಆಳವಿಲ್ಲದ್ದು, ಹರಿವಿಲ್ಲದ್ದು. ಆದ್ದರಿಂದ ಕೆಲವು ರಾತ್ರಿಗಳ ಕಡು ಚಳಿಗೇ ಗಟ್ಟಿಯಾಗುತ್ತದೆ. ಕೃಷಿಗಾಗಿ ಕಟ್ಟಿದ ನೀರಿನ ವ್ಯವಸ್ಥೆಯೇ ಹೀಗೆ ದೊಡ್ಡದೊಂದು ಆಟದ ಬಯಲನ್ನೂ ಒದಗಿಸಿತು. ಮಂಜುಗಡ್ಡೆಯ ಮೇಲೆ ಜಾರುವುದಂತೂ ಅದಕ್ಕೂ ಹಿಂದಿನದು. ಲಂಡನ್ ಗೋಡೆಯಾಚೆಯ ಜೌಗಿನಲ್ಲಿ ಯುವಕರು ಪ್ರಾಣಿಗಳ ಮೊಳಕಾಲ ಕೆಳಗಿನ ಮೂಳೆಗಳನ್ನು ಪಾದಕ್ಕೆ ಬಿಗಿದು, ಕೋಲು ಊರಿ ಜಾರುತ್ತಿದ್ದುದನ್ನು 12ನೆಯ ಶತಮಾನದಲ್ಲೇ ವಿಲಿಯಂ ಫಿಟ್ಜ್‌ಸ್ಟೀಫನ್ ಬರೆದಿದ್ದಾನೆ. ಫೆನ್ಸ್‌ನ ರೈತಾಪಿ ಜನ ಬಳಸಿದ್ದು ಮರದ ಅಡಿಗೆ ಕಬ್ಬಿಣದ ಅಲಗು ಕೂಡಿಸಿ, ಬೂಟಿನ ಹಿಮ್ಮಡಿಗೆ ತಿರುಪಿನಿಂದ ಬಿಗಿದು, ತೊಗಲ ಪಟ್ಟಿಯಿಂದ ಕಟ್ಟುವ ಸ್ಕೇಟು. ಕಾಲುವೆ ಹೆಪ್ಪುಗಟ್ಟಿದಾಗ ಊರಿಂದೂರಿಗೆ ಹೋಗಲು ಅದೇ ಸಾಧನ.

ಆದರೆ ನೀರು ಹೆಪ್ಪುಗಟ್ಟಿದರೆ ನೆಲವೂ ಹೆಪ್ಪುಗಟ್ಟುತ್ತದೆ. ಗುದ್ದಲಿ ಇಳಿಯದು, ನೇಗಿಲು ಹೂಡಲಾಗದು. ದಿನಗೂಲಿಯ ಆಳಿಗೆ ಅದು ಕೂಲಿಯಿಲ್ಲದ ದಿನ. 19ನೆಯ ಶತಮಾನದಲ್ಲಿ ಅವನ ಮುಂದಿದ್ದ ದಾರಿ ಸಾಲ, ದಾನ, ಕೊನೆಗೆ ಬಡವರ ಕಾನೂನಿನಡಿ ದುಡಿಸಿಕೊಂಡು ಆಶ್ರಯ ಕೊಡುವ ವರ್ಕ್‌ಹೌಸ್. ಇಂಥ ದಿನಗಳಲ್ಲೇ ಫೆನ್ಸ್‌ನ ಊರೂರುಗಳಲ್ಲಿ ಸ್ಕೇಟಿಂಗ್ ಪಂದ್ಯಗಳು ನಡೆದವು. ಗೆದ್ದವರಿಗೆ ಸಿಗುತ್ತಿದ್ದುದು ಹಣ, ಬಟ್ಟೆ, ಆಹಾರ. ಗೆದ್ದವರನ್ನು ದೊಡ್ಡ ಪಂದ್ಯಗಳಿಗೆ ಕರೆಯುತ್ತಿದ್ದರು. ಅಲ್ಲಿ 660 ಗಜದ ಓಟದ ಎರಡು ತುದಿಗೂ ಒಂದೊಂದು ಪೀಪಾಯಿ, ಅದರ ಮೇಲೆ ಬಾವುಟ; ಇಬ್ಬಿಬ್ಬರನ್ನೇ ಜೋಡಿ ಮಾಡಿ ಓಡಿಸಿ, ಸೋತವರನ್ನು ಕೈಬಿಡುತ್ತ, ಕೊನೆಗೊಬ್ಬ ಉಳಿಯುವವರೆಗೆ ಸ್ಪರ್ಧೆ. ನೋಡಲು ಸಾವಿರಾರು ಜನ ಸೇರುತ್ತಿದ್ದರು. 1850ರ ದಶಕದಲ್ಲಿ ಹೆಸರಾದ ಓಟಗಾರ ವೆಲ್ನಿ ಗ್ರಾಮದ ವಿಲಿಯಂ ಸ್ಮಾರ್ಟ್; ಜನ ಅವನನ್ನು ಕರೆದದ್ದು ‘ಟರ್ಕಿ’ ಸ್ಮಾರ್ಟ್ ಎಂದು. ಅವನ ಸೋದರಳಿಯ ‘ಫಿಶ್’ ಸ್ಮಾರ್ಟ್ ಮುಂದಿನ ತಲೆಮಾರಿನ ವೀರ. ಇವರು ಹೊಲದಲ್ಲಿ ದುಡಿಯುವ ವರ್ಗದವರು. ಬಹುಮಾನದ ಪಟ್ಟಿಯಲ್ಲಿ ಆಹಾರ ಮತ್ತು ಬಟ್ಟೆ ಇದ್ದದ್ದೇ ಈ ಆಟ ಯಾವ ಕೊರತೆಯ ನಡುವೆ ಬೆಳೆಯಿತು ಎಂಬುದಕ್ಕೆ ಸಾಕ್ಷಿ.

ಚಳಿಗಾಲದ ವಿನೋದವನ್ನು ಕಲಿಸಿದವರು ಬಿಡುವುಳ್ಳ ಸಿರಿವಂತರಲ್ಲವೇ ಎಂದು ಕೇಳಬಹುದು. ಆಲ್ಪ್ಸ್‌ನ ಹೋಟೆಲುಗಳ ಮಟ್ಟಿಗೆ ಅದು ನಿಜ. ಫೆನ್ಸ್‌ನಲ್ಲಿ ಮಾತ್ರ ಕ್ರಮ ತಿರುಗುಮುರುಗು. ಪತ್ರಕರ್ತ ಜೇಮ್ಸ್ ಡ್ರೇಕ್ ಡಿಗ್ಬಿಯ ಮುತುವರ್ಜಿಯಿಂದ ಕೇಂಬ್ರಿಜ್‌ನಲ್ಲಿ ನ್ಯಾಷನಲ್ ಸ್ಕೇಟಿಂಗ್ ಅಸೋಸಿಯೇಷನ್ ಹುಟ್ಟಿದ್ದು 1879ರಲ್ಲಿ. ಅಷ್ಟರಲ್ಲಿ ಕೂಲಿಕಾರರ ಪಂದ್ಯಗಳಿಗೆ ದಶಕಗಳ ಇತಿಹಾಸವಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಥಾರ್ನಿಯಲ್ಲಿ ಸಂಸ್ಥೆ ನಡೆಸಿದ ಮೊದಲ ವೃತ್ತಿಪರ ಚಾಂಪಿಯನ್‌ಷಿಪ್ ಗೆದ್ದವನು ಫಿಶ್ ಸ್ಮಾರ್ಟ್. ಹವ್ಯಾಸಿಗಳಿಗೆಂದು ಬೇರೆ ಸ್ಪರ್ಧೆ ಬಂದದ್ದು ಮರುವರ್ಷ. ಲಂಡನ್ನಿನಲ್ಲೂ ಇದೇ ಎಳೆ ಕಾಣುತ್ತದೆ. 1814ರ ಫೆಬ್ರವರಿಯಲ್ಲಿ ಥೇಮ್ಸ್ ಕೊನೆಯ ಬಾರಿ ಜಾತ್ರೆ ನಡೆಯುವಷ್ಟು ಗಡ್ಡೆಕಟ್ಟಿದಾಗ, ದೋಣಿ ನಿಂತು ಸಂಪಾದನೆ ಕಳೆದುಕೊಂಡ ಅಂಬಿಗರೇ ಮಂಜುಗಡ್ಡೆಗಿಳಿಯುವವರಿಂದ ಸುಂಕ ವಸೂಲು ಮಾಡಿದರು. ಊರಿನ ಹಬ್ಬ ಅವರ ಪಾಲಿಗೆ ನಷ್ಟ ತುಂಬಿಕೊಳ್ಳುವ ದಾರಿಯಾಗಿತ್ತು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಹಸಿವಿಗೆ ಆಟದ ಬಣ್ಣ ಬಳಿದಂತಾಗುವುದಿಲ್ಲವೇ? ಆಗುತ್ತದೆ, ಗೆದ್ದವನೊಬ್ಬನನ್ನೇ ನೋಡಿದರೆ. ಹದಿನಾರು ಜನ ಓಡಿದ ಪಂದ್ಯದಲ್ಲಿ ಹೆಚ್ಚಿನವರು ಬರಿಗೈಲಿ ಮರಳಿದರು. ಓಡಲಾಗದ ಮುದುಕ, ಬಾಣಂತಿ, ರೋಗಿ ಕಣಕ್ಕೇ ಇಳಿಯಲಿಲ್ಲ. 1895ರ ಘೋರ ಚಳಿಯಲ್ಲಿ ದೇಶದುದ್ದಕ್ಕೂ ಜನ ಸ್ಕೇಟ್ ಮಾಡಿ ನಲಿದರು. ಅದೇ ವಾರಗಳಲ್ಲಿ ಕೆಲಸವಿಲ್ಲದ ಕುಟುಂಬಗಳು ಗಂಜಿಕೇಂದ್ರಗಳ ಮುಂದೆ ಸಾಲು ನಿಂತವು. ಆದ್ದರಿಂದ ಹಳೆಯ ಚಳಿಗಾಲಗಳನ್ನು ಸುಖದ ಕಾಲವೆಂದು ಹೊಗಳಲು ಬರುವುದಿಲ್ಲ. ಹಾಗೆಂದು ಆ ನಲಿವು ಸುಳ್ಳೆನ್ನುವುದೂ ತಪ್ಪು. ಕೈಗೆ ಕೆಲಸವಿಲ್ಲದ ದಿನ ತನ್ನ ಮೈಯ ಕಸುವನ್ನು ಊರೆದುರು ತೋರಿಸಿ ಮೆಚ್ಚುಗೆ ಪಡೆದವನ ಹೆಮ್ಮೆ ನಿಜವಾದದ್ದೇ. ಕೊರತೆಯಿದ್ದದ್ದು ಆ ಹೆಮ್ಮೆಗೆ ಆಸರೆಯಾಗಬೇಕಿದ್ದ ವ್ಯವಸ್ಥೆಯಲ್ಲಿ.

2021ರ ವ್ಯತ್ಯಾಸ ಇರುವುದು ಇಲ್ಲಿಯೇ. ಬ್ರಿಟನ್ ಸರ್ಕಾರದ ಫರ್ಲೋ ಯೋಜನೆ ಕೆಲಸ ನಿಂತವರಿಗೆ ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ ಸಂಬಳದ ಶೇ. 80ರಷ್ಟನ್ನು ತುಂಬಿಕೊಟ್ಟಿತು, ಯೋಜನೆ ಮುಗಿಯುವ ಹೊತ್ತಿಗೆ ಸುಮಾರು 1.17 ಕೋಟಿ ಉದ್ಯೋಗಗಳು ಅದರಡಿ ಬಂದಿದ್ದವು. ಹಿಮದ ಸಂತೋಷಕ್ಕೆ ಅದರ ಅಪರೂಪವೇ ಕಾರಣ ಎನ್ನುವವರಿಗೆ 2018ರ ಫೆಬ್ರವರಿ–ಮಾರ್ಚ್ ನೆನಪಿಸಬೇಕು. ಆಗಲೂ ಹಿಮ ಅಪರೂಪವಾಗಿಯೇ ಬಿತ್ತು. ಆದರೆ ಕೆಲಸಕ್ಕೆ ಹೊರಟವರು ಹೆದ್ದಾರಿಗಳಲ್ಲಿ ರಾತ್ರಿಯಿಡೀ ಸಿಕ್ಕಿಬಿದ್ದರು, ಮಾತೆಲ್ಲ ಅಡಚಣೆಯ ಸುತ್ತಲೇ ಇತ್ತು. ಅಪರೂಪ ಕಣ್ಣು ಸೆಳೆದೀತು. ಸವಿಯಲು ಬಿಡುವು ಬೇಕು, ಬಿಡುವಿಗೆ ಭದ್ರತೆ ಬೇಕು. 2021ರಲ್ಲೂ ಆ ಭದ್ರತೆ ಎಲ್ಲರಿಗೂ ಸಿಗಲಿಲ್ಲ. ನರ್ಸುಗಳು, ಸಾಮಾನು ತಲುಪಿಸುವ ಚಾಲಕರು, ಹಾಲು ಕರೆಯುವವರು ಅದೇ ಹಿಮದಲ್ಲಿ ದುಡಿಮೆಗೆ ಹೋದರು. ಬ್ರಿಟನ್ನಿನಲ್ಲಿ ಕೋವಿಡ್ ಸಾವು ಒಂದು ಲಕ್ಷ ದಾಟಿದ್ದು ಆ ಜನವರಿ 26ರಂದೇ. ಅಂಥ ಹೊತ್ತಿನಲ್ಲಿ ನಲಿದವರನ್ನು ದೂರಬೇಕಿಲ್ಲ, ಆ ನಲಿವಿನ ಬೆಲೆ ತೆತ್ತವರನ್ನು ಮರೆಯಬಾರದಷ್ಟೆ. ಫೆನ್ಸ್‌ನ ಕೂಲಿಕಾರ ಅನ್ನಕ್ಕಾಗಿ ಓಡಬೇಕಾಯಿತು. ಅವನ ನಾಡಿನ ಇಂದಿನ ಮಕ್ಕಳು ಆಟಕ್ಕಾಗಿಯೇ ಓಡಿದರು. ಈ ಅಂತರ ಮನುಷ್ಯರು ಗಳಿಸಿಕೊಂಡದ್ದು, ಹವಾಮಾನ ಕೊಟ್ಟದ್ದಲ್ಲ. ಕೆಲಸ ನಿಲ್ಲುವ ದಿನಗಳು ಇನ್ನೂ ಬರುತ್ತವೆ. ಅವು ಹಬ್ಬವಾಗುತ್ತವೋ ಉಪವಾಸವಾಗುತ್ತವೋ ಎಂಬುದನ್ನು ಸಮಾಜ ಮೊದಲೇ ನಿರ್ಧರಿಸಿಟ್ಟಿರಬೇಕು.